ಕೈ ಮೊದಲು, ಅಳು ಆಮೇಲೆ

ಬೆಟ್ಟಗಳಿಗೆ ಒಂದೆಡೆ ಕೂತು ಇನ್ನೂ ಅಭ್ಯಾಸವಾಗಿರಲಿಲ್ಲ, ಅಷ್ಟು ಹಿಂದಿನ ಮಾತಿದು. ಲೋಕ ಆಗಷ್ಟೇ ಹುಟ್ಟಿತ್ತು. ಗಾಳಿ, ಹೊಳೆ, ಬೆಂಕಿ ಎಲ್ಲವೂ ಮಾತಾಡುತ್ತಿದ್ದವು. ಮನುಷ್ಯರ ಮೈಯೊಳಗಿನವರೂ ಮಾತಾಡುತ್ತಿದ್ದರು, ಅದೂ ಬಲು ಮರ್ಯಾದೆಯಿಂದ.

ಮೈಯೊಂದು ಮನೆ ಅಂದುಕೊಳ್ಳಿ. ತಲೆಯೊಳಗೆ ಕೂತ ಮಿದುಳಪ್ಪ ಅದರ ಯಜಮಾನ. ಬೆನ್ನೊಳಗಿನ ಬೆನ್ನುಹುರಿ ಅವನ ಬಾಗಿಲು ಕಾಯುವವಳು. ಮೈತುಂಬ ಓಡಾಡುವ ನರಗಳು ಮನೆಯ ಆಳುಗಳು. ಕೆಲವು ಸುದ್ದಿ ತರುತ್ತಿದ್ದವು, ಕೆಲವು ಅಪ್ಪಣೆ ಒಯ್ಯುತ್ತಿದ್ದವು. ಮಿದುಳಪ್ಪನನ್ನು ಕೇಳದೆ ಕಿರುಬೆರಳೂ ಅಲುಗುವಂತಿರಲಿಲ್ಲ.

ಕೇಳುವುದಕ್ಕೂ ಒಂದು ಪದ್ಧತಿ. ದೊಡ್ಡವರ ಮುಂದೆ ಹೋಗಿ ನಿಂತ ಕೂಡಲೇ ಬಂದ ಕೆಲಸ ಹೇಳುವುದುಂಟೇ? ಮೊದಲು "ಊಟ ಆಯ್ತಾ?" ಅನ್ನಬೇಕು. ಅವರು "ಆಯ್ತು, ನಿಂದಾಯ್ತಾ?" ಅನ್ನಬೇಕು. ಸಾರು ಯಾವುದು, ಪಲ್ಯ ಏನು ಎಂದೆಲ್ಲ ಮುಗಿದ ಮೇಲೆ ಸುದ್ದಿ. ಅಷ್ಟರಲ್ಲಿ ಸುದ್ದಿ ಹಳಸಿ ಹೋಗಿರುತ್ತಿತ್ತು.

ಇದರಿಂದ ಪೆಟ್ಟು ತಿಂದವಳು ಮಾಳವ್ವ ಎಂಬೊಬ್ಬ ತಾಯಿ. ಒಮ್ಮೆ ಅವಳ ಕೈ ಒಲೆಗೆ ತಾಗಿತು. ನರ ಸುದ್ದಿ ಹೊತ್ತು ಓಡಿತು, ಊಟದ ಮಾತು ಶುರುವಾಯಿತು. ಮೂಗು ಮಿದುಳಪ್ಪನ ನೆರೆಮನೆಯದಲ್ಲವೇ, ವಾಸನೆ ಮೊದಲು ಬಂತು. ಏನೋ ಸೀಯುತ್ತಿದೆಯಲ್ಲ ಎಂದು ಮಾಳವ್ವ ಸುತ್ತ ಹುಡುಕಿದರೆ, ಸೀಯುತ್ತಿದ್ದದ್ದು ಅವಳದೇ ಕೈ. ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡೇ ಹೋದವು. ಅಂದಿನಿಂದ ಬೆಂಕಿ ಕಂಡರೆ ಅವಳಿಗೆ ಎದೆ ಡವಡವ.

ಒಂದು ಬೆಳಗ್ಗೆ ಕೂಸನ್ನು ಗುಡಿಸಲಲ್ಲಿ ಮಲಗಿಸಿ, ಹೊಳೆ ದಾಟಿ ಸೊಪ್ಪು ಬಿಡಿಸಲು ಹೋಗಿದ್ದಳು. ತಿರುಗಿ ನೋಡುತ್ತಾಳೆ, ಕೂಸು ಎದ್ದು ಅಂಬೆಗಾಲಿಟ್ಟು ಅಂಗಳದ ಬೆಂಕಿಯ ಕಡೆ ಹೊರಟಿದೆ. ಬೆಂಕಿಯೂ ಸುಮ್ಮನಿರಲಿಲ್ಲ. "ಬಾ ಬಂಗಾರ, ಬಾ" ಎಂದು ಮೆಲ್ಲಗೆ ಕರೆಯುತ್ತಿತ್ತು.

ಮಾಳವ್ವ ಸೊಪ್ಪು ಬಿಸಾಡಿ ಓಡಿದಳು. ಹೊಳೆಗಿಳಿದಳು. ನೀರು ಸೊಂಟಕ್ಕೆ ಬಂದು ಸೆಳೆಯಿತು, ಕಾಲು ಮುಂದಕ್ಕೇಳಲಿಲ್ಲ. ಬೆಂಕಿ ಆರಿಸಪ್ಪಾ ಎಂದು ಗಾಳಿಯನ್ನು ಬೇಡಿದಳು. ನಾನು ಊದಿದರೆ ಇನ್ನೂ ಉರಿಯುತ್ತದೆ ತಾಯಿ ಎಂದಿತು ಗಾಳಿ. ನೀನಾದರೂ ಹೋಗಿ ಆರಿಸವ್ವಾ ಎಂದು ಹೊಳೆಯನ್ನು ಬೇಡಿದಳು. ನಾನು ದಂಡೆ ದಾಟಿದರೆ ಕೂಸನ್ನೂ ಒಯ್ದುಬಿಡುತ್ತೇನೆ ತಾಯಿ ಎಂದಿತು ಹೊಳೆ.

ಅಷ್ಟರಲ್ಲಿ ಕೂಸು ಕೈ ಚಾಚಿ ಕೆಂಡ ಮುಟ್ಟಿತು. ಮುಟ್ಟಿ, ನಕ್ಕಿತು. ಆ ನಗು ಕಂಡು ಮಾಳವ್ವ ನಿಂತಲ್ಲೇ ತಣ್ಣಗಾದಳು. ಸುದ್ದಿ ಇನ್ನೂ ದಾರಿಯಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಕೂಸಿನ ಬೆನ್ನುಹುರಿಯನ್ನೇ ಕೂಗಿ ಕರೆದಳು.

"ಬೆನ್ನವ್ವಾ, ಮೇಲಿನವರನ್ನು ಕೇಳಬೇಡ. ನೀನೇ ಹೇಳು, ಕೈ ಎಳಕೊಳ್ಳಲಿ."

ಯಜಮಾನರನ್ನು ಕೇಳದೆ ಅಪ್ಪಣೆ ಕೊಟ್ಟರೆ ನನ್ನನ್ನು ಉಳಿಸುತ್ತಾರಾ ಎಂದಳು ಬೆನ್ನುಹುರಿ.

"ಬೈದರೆ ನನ್ನ ಹೆಸರು ಹೇಳು. ಬೆಂಕಿ ಯಾರಿಗೂ ಕಾಯಲ್ಲ ಕಣವ್ವಾ, ನನ್ನ ಕೈ ನೋಡು" ಎಂದು ಮಾಳವ್ವ ಅಂಟಿದ ಬೆರಳು ಎತ್ತಿ ಹಿಡಿದಳು.

ಬೆನ್ನುಹುರಿ ನೋಡಿದಳು. ಬಾಗಿಲಲ್ಲೇ ನಿಂತಿದ್ದ ಅಪ್ಪಣೆಯ ನರಕ್ಕೆ ಓಡು ಎಂದಳು. ಕೂಸಿನ ಕೈ ಚಕ್ಕನೆ ಹಿಂದೆ ಬಂತು.

ಆದರೆ ಕೂಸು ಅಳಲಿಲ್ಲ. ಕೈಯನ್ನೇ ಪಿಳಿಪಿಳಿ ನೋಡುತ್ತ ಕೂತಿತು. ಕೈ ಸತ್ತೇ ಹೋಯಿತೇನೋ ಎಂದು ಮಾಳವ್ವ ಬಿದ್ದು ಎದ್ದು ನೀರು ದಾಟತೊಡಗಿದಳು.

ಮೇಲೆ, ಕೂಸಿನ ತಲೆಯೊಳಗೆ, ಸುದ್ದಿಯ ನರ ಊಟದ ಮಾತು ಮುಗಿಸಿ ಈಗಷ್ಟೇ ವಿಷಯ ಹೇಳಿತ್ತು. ಮಿದುಳಪ್ಪನಿಗೆ ಮೊದಲು ಕೋಪ ಬಂತು. ಕೈ ಉಳಿದದ್ದು ಕಂಡು ಕೋಪ ನುಂಗಿಕೊಂಡ. ಬೆಂಕಿ, ಮುಳ್ಳಿನ ಕೆಲಸ ಇನ್ನು ನಿನ್ನದೇ, ಆಮೇಲೆ ನನಗೊಂದು ಮಾತು ತಿಳಿಸು ಸಾಕು ಎಂದು ಬೆನ್ನುಹುರಿಗೆ ಹೇಳಿ, ಅಳು ಎಂದು ಬಾಯಿಗೆ ಅಪ್ಪಣೆ ಕೊಟ್ಟ.

ಆಗ ಕೂಸು ಬಾಯಿ ತೆರೆದು ಕೂಗಿತು. "ಅವ್ವಾ." ಅದು ಆಡಿದ ಮೊದಲ ಮಾತು ಅದು. ಮಾಳವ್ವ ದಡಕ್ಕೆ ಬಿದ್ದವಳು ಅಂಗಳಕ್ಕೆ ಓಡಿ ಕೂಸನ್ನು ಅವುಚಿಕೊಂಡು ಅದಕ್ಕಿಂತ ಜೋರಾಗಿ ಅತ್ತಳು.

ಅದಕ್ಕೇ ಮಕ್ಕಳೇ, ಇವತ್ತಿಗೂ ಕಾದ ಹೆಂಚು ಮುಟ್ಟಿದರೆ ನಿಮ್ಮ ಕೈ ತಾನಾಗಿ ಮೊದಲು ಹಿಂದೆ ಬರುತ್ತದೆ, ಉರಿ ತುಸು ತಡೆದು ಬರುತ್ತದೆ, ಉರಿ ಬಂದೊಡನೆ ಎಷ್ಟು ದೊಡ್ಡವರ ಬಾಯಲ್ಲೂ "ಅವ್ವಾ" ಎಂದೇ ಬರುತ್ತದೆ.