ಪಕ್ಕದವರ ಗಿಡುಗಕ್ಕೆ ಒಂದು ತುಂಡು

ಬೇಟೆಗೆ ಗಿಡುಗ ಸಾಕುವವರಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಇನ್ನೊಬ್ಬರ ಹಕ್ಕಿಗೆ ತಿನ್ನಿಸಬಾರದು. ಹೊಟ್ಟೆ ತುಂಬಿದ ಗಿಡುಗ ಒಡೆಯನ ಮುಷ್ಟಿಗೆ ಮರಳುವುದಿಲ್ಲ, ನೋಡಿ. ಆದರೆ ದುರ್ಗಣ್ಣನ ಕೈ ಧಾರಾಳ. ಊಟದ ಹೊತ್ತಿಗೆ ಸರಿಯಾಗಿ ಕಂಡವರ ಮಕ್ಕಳಿಗೆ ಮಿಠಾಯಿ ಹಂಚುತ್ತಾರಲ್ಲ, ಅಂಥ ಧಾರಾಳ. ಗೆಳೆಯ ಜಡಿಯಪ್ಪ ಅತ್ತ ತಿರುಗಿದ್ದೇ ತಡ, ಅವನ ಎಳೆಯ ಗಿಡುಗಕ್ಕೆ ಮಾಂಸ ತಿನ್ನಿಸಿಯೇ ಬಿಟ್ಟ.

ಬೇಟೆಗೆಂದು ಹಾರಿಬಿಟ್ಟಾಗ ಎಳೆಯ ಗಿಡುಗ ನೇರವಾಗಿ ಬೇವಿನ ಮರದ ತುದಿಗೆ ಹೋಗಿ ಕೂತಿತು. ಜಡಿಯಪ್ಪ ಮಾಂಸ ತೋರಿಸಿ ಕರೆದ, ಗೋಗರೆದ. ಅದು ಅಲುಗಲಿಲ್ಲ. ಅಷ್ಟರಲ್ಲಿ ಕಾಗೆಗಳು ಸುತ್ತುಗಟ್ಟಿದವು.

ದುರ್ಗಣ್ಣನ ಮುಂಗೈ ಮೇಲಿದ್ದ ಮುದಿ ಗಿಡುಗ ಕೂಗಿತು: “ಇಳಿದು ಬಾರೋ ಮಗಾ, ಕಣ್ಣು ಕುಕ್ಕಿಬಿಟ್ಟಾವು.”

“ಹಸಿವಿಲ್ಲ ಅಜ್ಜಿ. ನಮ್ಮ ಯಜಮಾನ ಜಿಪುಣ. ನಿಮ್ಮವರದು ಎಂಥ ದೊಡ್ಡ ಮನಸ್ಸು. ನಿಮಗಂತೂ ದಿನವೂ ಹಬ್ಬ.”

“ನನಗೆ ಬೆಳಗಿನಿಂದ ಒಂದು ಚೂರೂ ಇಲ್ಲ ಕಣೋ.”

“ಅದೇಕೆ?”

“ನಾನು ಅವನ ಸ್ವಂತ ಹಕ್ಕಿಯಲ್ಲವೆ? ಮರಳಿ ಬರಬೇಕಲ್ಲ.”

ಮೊದಲ ಕಾಗೆ ಬೆನ್ನಿಗೆ ಕುಕ್ಕಿದ್ದೇ, ಹಸಿವಿಲ್ಲದಿದ್ದರೂ ಎಳೆಯ ಗಿಡುಗ ಸರ್ರನೆ ಇಳಿದು ಜಡಿಯಪ್ಪನ ಮುಷ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

“ಪಾಪ, ಹೆದರಿದೆ,” ಎನ್ನುತ್ತ ದುರ್ಗಣ್ಣ ಮತ್ತೆ ಮಾಂಸದ ಚೀಲಕ್ಕೆ ಕೈ ಹಾಕಿದ.

“ಮೊದಲು ಅಜ್ಜಿಗೆ ಕೊಡಿ ದುರ್ಗಣ್ಣ,” ಎಂದಿತು ಎಳೆಯ ಗಿಡುಗ.

ದುರ್ಗಣ್ಣ ತನ್ನ ಮುದಿ ಗಿಡುಗದ ಮುಖವನ್ನೊಮ್ಮೆ ನೋಡಿ, ಚೀಲದ ಬಾಯಿ ಕಟ್ಟಿದ.