ಸರಿಸಮ ಸವೆದ ಮೆಟ್ಟು

“ಗುರುಗಳೇ, ಒಂದು ತಪ್ಪಿಗೆ ಒಂದು ಒಳ್ಳೆಯ ಕೆಲಸ ಮಾಡಿ ಸರಿತೂಗಿಸಿದರೆ ಮನಸ್ಸು ಹಗುರಾಗಬೇಕಲ್ಲವೇ? ನನಗೇಕೆ ಆಗುತ್ತಿಲ್ಲ?” ಎಂದು ಶಿಷ್ಯ ಕೇಳಿದ.

ಅವನ ಕಷ್ಟ ಗುರುಗಳಿಗೆ ಗೊತ್ತಿತ್ತು. ಕಣ್ಣು ಕಾಣದ ಹಿರಿಯ ಸಾಧಕರೊಬ್ಬರ ಸೇವೆ ಅವನ ಪಾಲಿಗೆ ಬಂದಿತ್ತು. ಬೆಳಗ್ಗೆ ಅವರ ಮೇಲೆ ರೇಗುವನು. ಸಂಜೆ ಅವರ ಕಾಲೊತ್ತುವನು. ಸಂಜೆ ಕಂಡವರು ಅವನನ್ನು ಹೊಗಳುತ್ತಿದ್ದರು. ಆ ಮುದುಕರು ಮಾತ್ರ ಈಚೆಗೆ ಬೆಳಗಾದರೆ ಕುಡಿಯಲು ನೀರು ಕೇಳುವುದಕ್ಕೂ ಹೆದರುತ್ತಿದ್ದರು.

ಗುರುಗಳು ಕಣ್ಣು ಮುಚ್ಚಿಕೊಂಡು ಕತೆ ಹೇಳಿದರು.

ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಗಂಟನ್ನು ಬಲ ಹೆಗಲ ಮೇಲೆ ಹೊತ್ತು ಊರೂರು ನಡೆಯುತ್ತಿದ್ದ. ಭಾರವೆಲ್ಲ ಒಂದೇ ಕಡೆಗೆ. ಬಲಗಾಲಿನ ಮೆಟ್ಟು ಹಿಮ್ಮಡಿಯಲ್ಲಿ ಬೇಗ ಸವೆಯುತ್ತಿತ್ತು. ಆ ಕಾಲದ ಮೆಟ್ಟಿಗೆ ಎಡ ಬಲ ಇರಲಿಲ್ಲ. ಅವನು ವಾರಕ್ಕೊಮ್ಮೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಮೆಟ್ಟತೊಡಗಿದ. ಒಂದು ಜೊತೆ ಮೂರು ವರ್ಷ ಬಂತು. ಸಂತೆಯವರೆಲ್ಲ ಅವನ ಜಾಣತನವನ್ನು ಮೆಚ್ಚಿದರು. ಪಾಪ, ಮೊಣಕಾಲಿಗೆ ಆ ಜಾಣತನ ತಿಳಿಯಲಿಲ್ಲ, ಅದು ನೋಯತೊಡಗಿತು.

ನಾಗರಪಂಚಮಿಗೆ ಎಂಟೇ ದಿನ ಉಳಿದಿತ್ತು. ಹೊಸದಾಗಿ ಮದುವೆಯಾದ ಮಗಳನ್ನು ಹಬ್ಬಕ್ಕೆ ಕರೆತರಬೇಕು. ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ. ಅಣ್ಣತಮ್ಮಂದಿರಿಲ್ಲದ ಹುಡುಗಿ, ಅಪ್ಪ ಹೋಗದಿದ್ದರೆ ತವರಿನಿಂದ ಬರುವವರು ಯಾರೂ ಇರಲಿಲ್ಲ.

ದಾರಿಯಲ್ಲಿ ಮೆಟ್ಟು ಹೊಲಿಯುವವನೊಬ್ಬ ಕೂತಿದ್ದ. ಮುಖ ನೋಡಿ ಭವಿಷ್ಯ ಹೇಳುವವರುಂಟು. ಇವನು ಮೆಟ್ಟಿನ ಅಡಿಯ ಅಟ್ಟೆ ನೋಡಿ ನಡಿಗೆ ಹೇಳುತ್ತಿದ್ದ. ಹೊರ ಅಂಚು ಸವೆದಿದ್ದರೆ ಹೊರಗಾಲು ಊರುವವನು, ತುದಿ ಸವೆದಿದ್ದರೆ ಅವಸರದವನು. ಮೊಣಕಾಲು ನೋವೆಂದು ವ್ಯಾಪಾರಿ ಬಿಚ್ಚಿಕೊಟ್ಟ ಮೆಟ್ಟುಗಳನ್ನು ಅವನು ತಿರುವಿ ನೋಡಿದ.

“ಎರಡೂ ಸರಿಸಮ ಸವದಾವ್ರಿ. ನಡಿಗ್ಯಾಗ ಏನೂ ಐಬಿಲ್ಲ, ಬಿಡ್ರಿ” ಎಂದ.

ವ್ಯಾಪಾರಿ ಸಮಾಧಾನಗೊಂಡು ಅಲ್ಲೇ ಮರದಡಿ ಮಲಗಿದ. ಕನಸು ಬಿತ್ತು. ಬಿಳಿ ಧೂಳಿನ ದಾರಿ. ಮುಂದೆ ಅವನ ಮೆಟ್ಟುಗಳೆರಡೇ, ಕಾಲಿಲ್ಲದೆ, ಸದ್ದಿಲ್ಲದೆ ನಡೆಯುತ್ತಿದ್ದವು. ದಾರಿಯ ಕೊನೆಯಲ್ಲಿ ಪಂಚಮಿಯ ಜೋಕಾಲಿ ಬರಿದಾಗಿ ತೂಗುತ್ತಿತ್ತು. ಅವನು ನಡೆದಷ್ಟೂ ಅದು ದೂರ ಸರಿಯಿತು. “ಬಲಗಾಲಿನದು ಯಾವುದು? ನಿಲ್ಲು” ಎಂದು ಕೂಗಿದ. ಮೆಟ್ಟುಗಳು ನಿಂತವು. ಒಂದನ್ನೊಂದು ನೋಡಿಕೊಂಡವು. ಎರಡಕ್ಕೂ ತಿಳಿಯಲಿಲ್ಲ.

ಎಚ್ಚರವಾದಾಗ ಅವನಿಗೆ ಭಯವಾಯಿತು. ಮೂರು ವರ್ಷದಿಂದ ಮೆಟ್ಟು ಅದಲುಬದಲು ಮಾಡುತ್ತಿದ್ದುದನ್ನು ಹೊಲಿಯುವವನಿಗೆ ಹೇಳಿಬಿಟ್ಟ.

ಹೊಲಿಯುವವನು ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟ. “ಮೆಟ್ಟು ಬದಲಿಸೂ ಬದಲಿ ಹೆಗಲು ಬದಲಿಸಬೇಕಿತ್ತಲ್ರೀ ಅಣ್ಣಾರ. ಅಟ್ಟಿ ಬೇಕಾದ್ರ ಹೊಸಾದು ಹಚ್ಚಿಕೊಡ್ತೀನಿ. ಮೊಣಕಾಲಿಗೆ ಎಲ್ಲಿಂದ ತರ್ಲಿ?”

ವ್ಯಾಪಾರಿ ಅಂದೇ ಗಂಟನ್ನು ಎಡ ಹೆಗಲಿಗೆ ಹಾಕಿಕೊಂಡ. ಆದರೆ ಸವೆದದ್ದು ಸವೆದಿತ್ತು. ನಾಲ್ಕು ದಿನದ ದಾರಿಗೆ ಒಂಬತ್ತು ದಿನ ಹಿಡಿಯಿತು. ಅವನು ಮಗಳ ಊರು ಮುಟ್ಟಿದಾಗ ಅಲ್ಲಿಯವರು ಮರದಿಂದ ಜೋಕಾಲಿಯ ಹಗ್ಗ ಬಿಚ್ಚುತ್ತಿದ್ದರು. ಮಗಳು ಹೊಸ್ತಿಲಲ್ಲಿ ಕೂತಿದ್ದಳು. ಕಟ್ಟಿದ ಬಟ್ಟೆಯ ಗಂಟು ಇನ್ನೂ ತೊಡೆಯ ಮೇಲಿತ್ತು.

ಗುರುಗಳು ಕಣ್ಣು ತೆರೆದರು. ಶಿಷ್ಯನ ಕಣ್ಣು ತುಂಬಿತ್ತು.

“ಹಾಗಾದರೆ ಇನ್ನು ಸಂಜೆ ಹೆಚ್ಚು ಹೊತ್ತು ಅವರ ಕಾಲೊತ್ತಲೇ?” ಎಂದು ಕೇಳಿದ.

“ಸಂಜೆಯ ಮಾತು ಬಿಡು, ಬೆಳಗ್ಗೆ ಅವರು ಹೆದರದೆ ನೀರು ಕೇಳುವಂತಾಗಲಿ” ಎಂದರು ಗುರುಗಳು.