ಮಾಧುವಿನ ಪಾಯಿಂಟು ಟಿಕೇಟು

ಈ ಕತೆ ನನ್ನವಳು ಹೇಳುತ್ತಿದ್ದಳು. ಈಗ ಅವಳಿಲ್ಲ. ನನಗೆ ಬಂದಷ್ಟು ಹೇಳುತ್ತೇನೆ, ಕೇಳಿ.

ಕೋಟದ ಹತ್ತಿರ ಕಾವೇರಮ್ಮ ಅಂತ ಒಬ್ಬಳು. ಮಗಳು ರೇವತಿ ಮದುವೆಯಾಗಿ ಮಸ್ಕತ್ತಿಗೆ ಹೋದಳು. ಮಗ ಮಾಧು ಪೆದ್ದ. ಹೇಳಿದ್ದು ಮಾಡುತ್ತಾನೆ. ಹೇಳಿದ ಹಾಗೇ ಮಾಡುತ್ತಾನೆ. ಅದೇ ಕಷ್ಟ. ಆದರೆ ಅಡಿಗೆಗೆ ಒಳ್ಳೇ ಕೈ. ಟೂರಿನ ಐತಾಳರು ಜನರನ್ನು ಪರದೇಶಕ್ಕೆ ಕರೆದುಕೊಂಡು ಹೋಗುವವರು. ಜನರಿಗೆ ಅಲ್ಲಿಯೂ ಅನ್ನ ಸಾರೇ ಬೇಕು. ಅದಕ್ಕೆ ಮಾಧುವೂ ವಿಮಾನದಲ್ಲಿ ಹೋಗುತ್ತಿದ್ದ.

ಕಾವೇರಮ್ಮನಿಗೆ ಒಂದೇ ಆಸೆ. ರೇವತಿಗೆ ಮಗುವಾದರೆ ಬಾಣಂತನಕ್ಕೆ ತಾನೇ ಹೋಗಬೇಕು. ಟಿಕೇಟಿಗೆ ದುಡ್ಡೆಲ್ಲಿ?

ಐತಾಳರು ಹೇಳಿದರು, "ಕಾವೇರಮ್ಮ, ಮಾಧು ಹಾರಿದಷ್ಟೂ ವಿಮಾನದವರು ಪಾಯಿಂಟು ಕೊಡ್ತಾರೆ. ತುಂಬಿದರೆ ಒಂದು ಟಿಕೇಟು ಪುಕ್ಕಟೆ." ಕಾರ್ಡನ್ನೂ ಮಾಡಿಸಿ ಕೊಟ್ಟರು.

"ಮಗ, ಕೌಂಟರಿನಲ್ಲಿ ಈ ಕಾರ್ಡು ಕೊಡು."

"ಆಯ್ತಮ್ಮ."

ಸಿಂಗಾಪುರಕ್ಕೆ ಹೋದ. ಬಂದ.

"ಕಾರ್ಡೆಲ್ಲಿ?"

"ಕೊಟ್ಟೆ. ಆ ಹುಡುಗಿ ವಾಪಸು ಕೊಡ್ಲಿಕ್ಕೆ ಬಂದಳು. ನಾನು ಮುಟ್ಟಲೇ ಇಲ್ಲ. ಕೊಡು ಅಂತ ನೀನೇ ಹೇಳಿದ್ದಲ್ಲವಾ?"

ಕಾವೇರಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಪೆದ್ದೇ! ಅಲ್ಲಿ ಕೊಟ್ಟದ್ದನ್ನು ವಾಪಸು ಇಸ್ಕೊಂಡೇ ಮುಂದೆ ಹೋಗ್ಬೇಕು!"

"ಆಯ್ತಮ್ಮ."

ಐತಾಳರ ಆಫೀಸಿನಲ್ಲಿ ಹೊಸ ಕಾರ್ಡು ಮಾಡಿದರು. ಹೆಸರು ಎಂತ ಅಂತ ಕೇಳಿದರು. ಮಾಧು ಅಂದ. ಹಾಗೇ ಬರೆದರು.

ಲಂಡನ್ನಿಗೆ ಹೊರಟ. ಕಾರ್ಡು ಕೊಟ್ಟ, ಇಸ್ಕೊಂಡ. ಚೀಲ ಕೊಟ್ಟ. ಚೀಲ ಪಟ್ಟಿಯ ಮೇಲೆ ಸರಸರ ಹೊರಟಿತು. ಇವನೂ ಹಿಂದೆಯೇ ಹಾರಿದ! ಎಳೆದು ತಂದ. ಹೆಗಲಿಗೆ ಹಾಕಿಕೊಂಡು ತಪಾಸಣೆಯವರ ಎದುರು ಹೋಗಿ ನಿಂತ. ಚೀಲದೊಳಗೆ ಈಳಿಗೆಮಣೆ! ಅವರು ಬಿಡುತ್ತಾರೆಯೇ? ಇಟ್ಟುಕೊಂಡರು. ಲಂಡನ್ನಿನಲ್ಲಿ ಮೂವತ್ತು ಜನ ಒಂಬತ್ತು ದಿನ ಕೈಯಲ್ಲಿ ಮುರಿದ ಬೆಂಡೆಕಾಯಿ ಉಂಡರು.

"ಕೊಟ್ಟದ್ದನ್ನು ಇಸ್ಕೋ ಅಂತ ನೀನೇ ಹೇಳಿದ್ದಲ್ಲವಾ ಅಮ್ಮ?"

"ಅಯ್ಯೋ ನನ್ನ ಪೆದ್ದೇ! ವಿಮಾನದವರನ್ನು ನಂಬಬೇಕು ಮಾರಾಯ! ಕೇಳು. ಈ ಸಲ ಬೇರೆ ದೇಶದವರ ವಿಮಾನವಂತೆ. ಆದರೆ ನಮ್ಮ ಕಾರ್ಡಿನವರಿಗೆ ಅವರು ಜೊತೆಗಾರರು. ಅದರಲ್ಲಿ ಹಾರಿದರೂ ಪಾಯಿಂಟು ನಮಗೇ. ಹೆದರ್ಬೇಡ. ನಮ್ಮ ಮನೆ ಅಂತಲೇ ತಿಳ್ಕೋ."

"ಆಯ್ತಮ್ಮ."

ವಿಮಾನ ಮೇಲೇರಿತು. ಊಟದ ಹೊತ್ತಾಯಿತು. ಮಾಧು ಎದ್ದ. ಟವೆಲು ಸೊಂಟಕ್ಕೆ ಕಟ್ಟಿದ. ಸೀದಾ ಹಿಂದಿನ ಅಡಿಗೆಕೋಣೆಗೆ ಹೋದ. ಊಟದ ತಟ್ಟೆಗಳನ್ನು ಎತ್ತಿಕೊಂಡ. ಬಿಳಿಯರ ಬ್ರೆಡ್ಡಿಗೆಲ್ಲ ಚಟ್ನಿಪುಡಿ ಉದುರಿಸುತ್ತ ಬಂದ. "ನಾಚಿಕೆ ಮಾಡ್ಬೇಡಿ, ನಮ್ಮದೇ ಮನೆ!" ಗಗನಸಖಿಯರು ಇಬ್ಬರು ಸೇರಿ ತಂದು ಕೂರಿಸಿದರು. ಬಿಳಿಯರ ಕೆಮ್ಮು ಮಾತ್ರ ದಾರಿಯುದ್ದಕ್ಕೂ ಕೇಳುತ್ತಿತ್ತಂತೆ.

ಪಾಯಿಂಟು? ಲಂಡನ್ನಿನದ್ದೂ ಬೀಳಲಿಲ್ಲ, ಇದರದ್ದೂ ಬೀಳಲಿಲ್ಲ. ಟಿಕೇಟಿನಲ್ಲಿ ಮಾಧವ. ಕಾರ್ಡಿನಲ್ಲಿ ಮಾಧು.

"ಅಯ್ಯೋ ನನ್ನ ಪೆದ್ದೇ! ಇನ್ನು ಕೂತಲ್ಲಿಂದ ಏಳ್ಬೇಡ! ಮತ್ತೆ, ಕಾರ್ಡಿನಲ್ಲಿರುವ ಹೆಸರೇ ಟಿಕೇಟಿನಲ್ಲೂ ಇರ್ಬೇಕು. ಸತ್ತರೂ ಮರೀಬೇಡ!"

"ಮರೆಯೋದಿಲ್ಲಮ್ಮ."

ಐತಾಳರು ಕಾರ್ಡಿನ ಹೆಸರು ಸರಿಮಾಡಿಸಿದರು. ಮುಂದಿನ ಸಲ ವಿಮಾನ ಇಳಿಯಿತು. ಎಲ್ಲರೂ ಇಳಿದರು. ಮಾಧು ಸೀಟಿನ ಪಟ್ಟಿ ಕಟ್ಟಿಕೊಂಡು ಕೂತಿದ್ದ. ಗುಡಿಸುವವರು ಬಂದರು. ಕಾಲು ಮೇಲೆತ್ತಿದ, ಏಳಲಿಲ್ಲ. ಐತಾಳರೇ ವಾಪಸು ಬಂದು, "ನಿನ್ನ ಅಮ್ಮ ಏಳ್ಲಿಕ್ಕೆ ಹೇಳಿದ್ದಾಳೆ" ಅಂದ ಮೇಲೆ ಎದ್ದ.

ಆದರೂ ಪಾಯಿಂಟು ಬಿತ್ತು. ಮತ್ತೆ ಬಿತ್ತು. ಎರಡು ವರ್ಷಕ್ಕೆ ಮಸ್ಕತ್ತಿಗೆ ಒಂದು ಟಿಕೇಟಿನಷ್ಟು ತುಂಬಿತು. ಆ ಹೊತ್ತಿಗೇ ರೇವತಿಗೆ ದಿನ ತುಂಬುತ್ತ ಬಂತು. ಕಾವೇರಮ್ಮ ಪಾಸ್‌ಪೋರ್ಟು ಮಾಡಿಸಿದಳು. ಹಿಪ್ಪಲಿ, ಕಾಳುಮೆಣಸು, ಬಜೆ, ಹಳೇ ಸೀರೆಯ ಮೆತ್ತನೆ ಬಟ್ಟೆ, ಎಲ್ಲ ಗಂಟು ಕಟ್ಟಿದಳು.

"ಮಗ, ಕಾರ್ಡಿನವರಿಗೆ ಫೋನು ಮಾಡು. ಪಾಯಿಂಟು ಕೊಟ್ಟು ಟಿಕೇಟು ತೆಗಿ."

"ಆಯ್ತಮ್ಮ."

ಫೋನಿನಲ್ಲಿ ಕೇಳಿದರು, "ಟಿಕೇಟು ಯಾರ ಹೆಸರಿಗೆ ಸರ್?"

ಮಾಧು ಮರೆಯುತ್ತಾನೆಯೇ? "ಕಾರ್ಡಿನಲ್ಲಿರುವ ಹೆಸರಿಗೇ!"

ಟಿಕೇಟು ಬಂತು. ಮಾಧವ. ಐತಾಳರು ನೋಡಿದರು. ಫೋನು ಮಾಡಿ ಕೇಳಿದರು. ಹೆಸರು ಬದಲಾಗುವುದಿಲ್ಲ, ಪಾಯಿಂಟು ವಾಪಸಿಲ್ಲ.

ಕಾವೇರಮ್ಮ ಬೈಯಲಿಲ್ಲ. ಹಣೆ ಚಚ್ಚಿಕೊಳ್ಳಲಿಲ್ಲ. ಗಂಟಿನ ಮೇಲೆ ಕೈಯಿಟ್ಟು ಕೂತಳು.

"ಬೈಯಮ್ಮ," ಅಂದ ಮಾಧು.

ಅವಳು ಎದ್ದಳು. ಒಲೆ ಹಚ್ಚಿದಳು. ಬಾಣಂತಿಯ ಸಾರು ಮಾಡಿ ತೋರಿಸಿದಳು. ಮೂರು ಸಲ ಅವನ ಕೈಯಲ್ಲಿ ಮಾಡಿಸಿದಳು. ಆಮೇಲೆ ಗಂಟು ಅವನ ಕೈಗೆ ಕೊಟ್ಟಳು.

"ನೀನೇ ಹೋಗು ಮಗ. ನಾನು ಹೋಗಿದ್ದರೆ ಹೇಗೆ ಮಾಡ್ತಿದ್ದೆನೋ ಹಾಗೇ ಮಾಡು. ಮಗುವನ್ನು ಎತ್ತಿಕೊಂಡರೂ ನನ್ನ ಹಾಗೇ."

"ನಿನ್ನ ಹಾಗೇ ಅಮ್ಮ."

ಅವನು ಮಸ್ಕತ್ತಿಗೆ ಮುಟ್ಟುವಷ್ಟರಲ್ಲಿ ಹೆರಿಗೆಯಾಗಿತ್ತು. ರೇವತಿ ಬಾಗಿಲು ತೆರೆದಳು. ಅವನ ಹಿಂದೆ ನೋಡಿದಳು. ಯಾರೂ ಇಲ್ಲ. "ಅಮ್ಮ ಬರಲಿಲ್ವಾ?"

ಮಾಧು ಚೀಲ ಇಟ್ಟು ಸೀದಾ ಒಲೆಯ ಹತ್ತಿರ ಹೋದ. ಸಾರು ಮಾಡಿದ. ರೇವತಿ ಒಂದು ತುತ್ತು ಉಂಡಳು. ಅಮ್ಮನ ಕೈಯ ರುಚಿಯೇ. ಕಣ್ಣು ಒರೆಸಿಕೊಂಡಳು. ಫೋನಿನಲ್ಲಿ ಅಮ್ಮನ ಮುಖ ತಂದು ಎದುರಿಗಿಟ್ಟಳು. ಮಗುವನ್ನು ತಂದು ಅಣ್ಣನ ಮಡಿಲಿಗೆ ಹಾಕಿದಳು. ಗಂಡುಮಗು.

ಮಾಧು ಯೋಚಿಸಿದ. ಮಗನನ್ನು ಕಂಡರೆ ಅಮ್ಮ ಎಂತ ಮಾಡ್ತಾಳೆ?

ಫಟ್ಟನೆ ಹಣೆ ಚಚ್ಚಿಕೊಂಡ.

"ಅಯ್ಯೋ ನನ್ನ ಪೆದ್ದೇ!"

ಮಗು ಬೆಚ್ಚಿ ಅತ್ತಿತು. ರೇವತಿ ನಕ್ಕಳು. ಫೋನಿನಲ್ಲಿ ಕಾವೇರಮ್ಮನ ಕೈ ಹಣೆಯವರೆಗೆ ಬಂತು. ಅಲ್ಲೇ ನಿಂತಿತು.

ನನ್ನವಳು ಇಲ್ಲಿಗೇ ನಿಲ್ಲಿಸುತ್ತಿದ್ದಳು.